ಟಿ.ವಿ. ನೋಡಿ ಫೋನ್ ಮಾಡಿದ ದುಡ್ಡಿಗೆ ಲೆಕ್ಕ ಕೊಡಬೇಕಾದವರು ಯಾರು?

ಸಾಗರದವಳು

ಹೋದ ವಾರ ಊರಲ್ಲಿ ಹಳೇ ಮನೆಯ ಅಟ್ಟ ಖಾಲಿ ಮಾಡಿದೆವು. ಅಪ್ಪಯ್ಯನ ಜಮಾ-ಖರ್ಚಿನ ಪುಸ್ತಕಗಳ ಕಟ್ಟು ಸಿಕ್ಕಿತು. ಅಡಿಕೆ ಕೊನೆ ಕೊಯ್ದವರ ಕೂಲಿಯಿಂದ ಹಿಡಿದು ಬೆಂಕಿಪೆಟ್ಟಿಗೆವರೆಗೆ ಎಲ್ಲ ಬರೆದಿಡುವ ಅಭ್ಯಾಸ ಅವರದು. ಫೋನಿನ ಕರೆನ್ಸಿಯೂ ಅದರಲ್ಲಿದೆ. ತಿಂಗಳಿಗೆ ಒಂದೇ ಸಲ, 55 ರೂಪಾಯಿ. ಅದಕ್ಕಿಂತ ಜಾಸ್ತಿ ಅವರು ಯಾವತ್ತೂ ಹಾಕಿಸಿದವರಲ್ಲ.

2010ರ ಪುಸ್ತಕದಲ್ಲಿ ಒಂದು ಪುಟ ಬೇರೆ ಥರ ಇದೆ. "ಕರೆನ್ಸಿ 110. ಟಿ.ವಿ. ಫೋನ್. ಖಾಲಿ." ಮಾರನೇ ದಿನ ಮತ್ತೆ, "ಕರೆನ್ಸಿ 50. ಟಿ.ವಿ. ಫೋನ್. ಖಾಲಿ." ಮೂರನೇ ದಿನ ಇನ್ನೊಂದು 50. ಅದರ ಕೆಳಗೆ ಒಂದು ಗೆರೆ ಎಳೆದಿದ್ದಾರೆ. ಆಮೇಲೆ ಆ ಸುದ್ದಿಯೇ ಇಲ್ಲ.

ನನಗೆ ಆ ದಿನಗಳು ನೆನಪಿವೆ. ರಾತ್ರಿ ಹನ್ನೊಂದರ ಮೇಲೆ ಒಂದು ಚಾನೆಲ್‌ನಲ್ಲಿ ಬರುತ್ತಿತ್ತು. ಇಬ್ಬರು ನಟರ ಮುಖ ಅರ್ಧರ್ಧ ಸೇರಿಸಿ ಒಂದು ಫೋಟೋ. ಇವರು ಯಾರು ಹೇಳಿ, ಲಕ್ಷ ರೂಪಾಯಿ ಗೆಲ್ಲಿ. ನಿರೂಪಕಿ ಗಡಿಯಾರ ತೋರಿಸಿ ಕೂಗುತ್ತಿದ್ದರು, ಇನ್ನು ಎರಡೇ ನಿಮಿಷ, ಯಾರೂ ಫೋನ್ ಮಾಡುತ್ತಿಲ್ಲವಲ್ಲ ಅಂತ. ಅಪ್ಪಯ್ಯ ಫೋನ್ ಮಾಡಿದರೆ ಆ ಕಡೆ ರೆಕಾರ್ಡ್ ಮಾಡಿದ ದನಿ, "ಲೈನ್‌ನಲ್ಲೇ ಇರಿ." ನಿಮಿಷಕ್ಕೆ 10 ರೂಪಾಯಿ. ಅದು ಪರದೆಯ ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಓಡುತ್ತಿತ್ತು. ಅವರ ಕನ್ನಡಕಕ್ಕೆ ಅದು ಕಾಣುತ್ತಿರಲಿಲ್ಲ.

210 ರೂಪಾಯಿ ದೊಡ್ಡ ಮೊತ್ತ ಅಲ್ಲ, ಗೊತ್ತು. ಆದರೆ ಯಾರಿಗೂ ಹೇಳಿಕೊಳ್ಳದೆ ಪುಸ್ತಕದಲ್ಲಿ ಗೆರೆ ಎಳೆದು ಸುಮ್ಮನಾದರಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಇದಕ್ಕೆ ಆಗ ಏನಾದರೂ ನಿಯಮ ಇತ್ತಾ? ಈಗಲಾದರೂ ಇದೆಯಾ? ದೂರು ಕೊಡಬೇಕಾದ್ದು ಫೋನ್ ಕಂಪನಿಗೋ, ಚಾನೆಲ್‌ಗೋ? ತಿಳಿದವರು ಹೇಳಿ.

ಬಿಲ್ಲಿಂಗ್‌ನಲ್ಲಿದ್ದೆ

ಅಕ್ಕಾ, ನಾನು ಆ ಕಾಲದಲ್ಲಿ ಬೆಂಗಳೂರಿನಲ್ಲಿ ಇಂಥದ್ದೇ ಸೇವೆ ನಡೆಸುವ ಒಂದು ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿದ್ದೆ. ಹೆಸರು ಬೇಡ. ದುಡ್ಡು ಹೇಗೆ ಓಡುತ್ತದೆ ಅಂತ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಪರದೆ ಮೇಲೆ ಕಾಣುವ ಐದಂಕಿ ಸಂಖ್ಯೆ ಮಾಮೂಲಿ ಫೋನ್ ನಂಬರ್ ಅಲ್ಲ. ಅದು ಶಾರ್ಟ್ ಕೋಡ್. ನೀವು ಅದಕ್ಕೆ ಕರೆ ಮಾಡಿದರೆ ಅಥವಾ ಎಸ್‌ಎಂಎಸ್ ಕಳಿಸಿದರೆ ಫೋನ್ ಕಂಪನಿ ಮಾಮೂಲಿಗಿಂತ ಜಾಸ್ತಿ ದರ ಹಿಡಿಯುತ್ತದೆ. ಆ ದುಡ್ಡಲ್ಲಿ ಒಂದು ಪಾಲು ಅವರಿಗೆ. ಒಂದು ಪಾಲು ನಡುವೆ ಇರುವ ನಮ್ಮಂಥ ಅಗ್ರಿಗೇಟರ್‌ಗೆ. ಉಳಿದದ್ದು ಚಾನೆಲ್‌ಗೆ ಅಥವಾ ಕಾರ್ಯಕ್ರಮ ಮಾಡಿದವರಿಗೆ. ಯಾರಿಗೆ ಎಷ್ಟು ಅನ್ನುವುದು ಒಪ್ಪಂದದ ಮೇಲೆ. ನೋಡುಗರಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ.

"ಲೈನ್‌ನಲ್ಲೇ ಇರಿ" ಅನ್ನುವ ದನಿ ಇದೆಯಲ್ಲ, ಅದೇ ಐವಿಆರ್, ಅಂದರೆ ಕರೆಗೆ ಯಂತ್ರವೇ ಉತ್ತರಿಸುವ ವ್ಯವಸ್ಥೆ. ಅದು ಎಷ್ಟು ನಿಧಾನ ಮಾತಾಡಿದರೆ ಅಷ್ಟು ಆದಾಯ. ಮೊದಲು ಸ್ವಾಗತ, ಆಮೇಲೆ ನಿಯಮ, ಆಮೇಲೆ ಒಂದು ಸುಲಭದ ಪ್ರಶ್ನೆ, ಆಮೇಲೆ ಇನ್ನೊಂದು. ಇಷ್ಟಾಗುವಾಗ ಐದು ನಿಮಿಷ ಹೋಗಿರುತ್ತದೆ. ಸ್ಟುಡಿಯೋಗೆ ಸಂಪರ್ಕ ಸಿಗುವುದು ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ. ಉಳಿದವರು ನಿಮ್ಮ ತಂದೆಯ ಹಾಗೆ ಕರೆನ್ಸಿ ಖಾಲಿಯಾದ ಮೇಲೆ ಕಟ್ ಆಗುತ್ತಾರೆ.

ನನಗೆ ಈಗಲೂ ಬೇಜಾರಾಗುವ ಒಂದು ವಿಷಯ ಇದೆ. ಪ್ರತಿ ಕರೆ, ಪ್ರತಿ ಮೆಸೇಜ್ ಯಾವ ಗಂಟೆ, ಯಾವ ನಿಮಿಷ, ಯಾವ ಸೆಕೆಂಡಿಗೆ ಬಂತು ಅನ್ನುವುದು ನಮ್ಮ ಫೈಲಿನಲ್ಲಿ ಇರುತ್ತಿತ್ತು. ಲೈನ್ ಮುಚ್ಚಿತು ಅಂತ ಪರದೆ ಮೇಲೆ ಬಂದ ಮೇಲೂ ಮೆಸೇಜ್ ಬರುತ್ತಿದ್ದವು. ಅವಕ್ಕೂ ದುಡ್ಡು ಕಟ್ ಆಗುತ್ತಿತ್ತು. ವಾಪಸ್ ಕೊಡಿ ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ನಾವಾಗಿ ಕೊಡಲೂ ಇಲ್ಲ. ಎಲ್ಲ ಲೆಕ್ಕ ಇತ್ತು, ನೋಡುವವರು ಇರಲಿಲ್ಲ.

ಮಂಡ್ಯದವನು

ಅಣ್ಣ ಹೇಳಿದ್ದು ಸರಿ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾರೂ ಕೈ ಹಿಡಿದು ಫೋನ್ ಮಾಡಿಸಲಿಲ್ಲ ಅಲ್ವಾ? ದರ ಪರದೆ ಮೇಲೆ ಇತ್ತು. ಹಾಡಿನ ಶೋಗಳಲ್ಲಿ ನಮ್ಮ ತಾಲ್ಲೂಕಿನ ಹುಡುಗಿ ಬಂದಾಗ ನಾವೇ ಹತ್ತತ್ತು ಎಸ್‌ಎಂಎಸ್ ಹಾಕಿದ್ದೇವೆ. ಅದು ನಮ್ಮ ಖುಷಿ. ಅದಕ್ಕೂ ಸರ್ಕಾರದ ನಿಯಮ ಬೇಕಾ? ಜಾತ್ರೆಯಲ್ಲಿ ಬಳೆ ಎಸೆಯುವ ಆಟಕ್ಕೆ ದುಡ್ಡು ಕೊಡುತ್ತೇವಲ್ಲ, ಹಾಗೇ ಇದೂ.

ರೆಡಿಂಗ್ ಕನ್ನಡಿಗ

ಜಾತ್ರೆಯ ಆಟದಲ್ಲಿ ಬಳೆ ಎಲ್ಲಿ ಬಿತ್ತು ಅಂತ ನಮ್ಮ ಕಣ್ಣಿಗೇ ಕಾಣುತ್ತದೆ. ಟಿ.ವಿ.ಯಲ್ಲಿ ಅದು ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡ ವ್ಯತ್ಯಾಸ. ನಾನು 2005ರಿಂದ ಇಂಗ್ಲೆಂಡಿನಲ್ಲಿದ್ದೇನೆ. 2007ರಲ್ಲಿ ಇಲ್ಲಿ ಇದೇ ವಿಷಯಕ್ಕೆ ಇಡೀ ದೇಶದ ಟಿ.ವಿ. ತಲೆ ತಗ್ಗಿಸಬೇಕಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಚಾನೆಲ್ 4ರಲ್ಲಿ ಸಂಜೆ ಹೊತ್ತು 'ರಿಚರ್ಡ್ ಅಂಡ್ ಜೂಡಿ' ಅಂತ ಒಂದು ಮಾತುಕತೆಯ ಕಾರ್ಯಕ್ರಮ. ಅದರಲ್ಲಿ 'ಯೂ ಸೇ ವಿ ಪೇ' ಅನ್ನುವ ಫೋನ್ ಆಟ. ಒಂದು ಕರೆಗೆ 1 ಪೌಂಡ್. ಆಗಿನ ಲೆಕ್ಕದಲ್ಲಿ 80 ರೂಪಾಯಿಗೂ ಮೇಲೆ. ಆಟಕ್ಕೆ ಬರುವವರನ್ನು ಮೊದಲೇ ಆರಿಸಿ ಆಗಿರುತ್ತಿತ್ತು. ಆದರೂ ಈಗಲೇ ಫೋನ್ ಮಾಡಿ ಅಂತ ಪರದೆ ಮೇಲೆ ಕರೆಯುತ್ತಿದ್ದರು. ಜನ ಮಾಡುತ್ತಿದ್ದರು. ಒಂದು ಪೌಂಡ್ ಹೋಗುತ್ತಿತ್ತು. ಗೆಲ್ಲುವ ಅವಕಾಶ ಸೊನ್ನೆ. ಫೆಬ್ರವರಿ 2007ರಲ್ಲಿ ಇದು ಬಯಲಾಯಿತು.

ಆಮೇಲೆ ಒಂದರ ಹಿಂದೆ ಒಂದು. ಬೆಳಗಿನ ಕಾರ್ಯಕ್ರಮಗಳ ಜಿಎಂಟಿವಿಯಲ್ಲಿ ಲೈನ್ ಮುಚ್ಚುವ ಮೊದಲೇ ವಿಜೇತರ ಪಟ್ಟಿ ಆರಿಸುತ್ತಿದ್ದರು ಅಂತ ಏಪ್ರಿಲ್‌ನಲ್ಲಿ ಬಿಬಿಸಿಯ 'ಪನೋರಮಾ' ತೋರಿಸಿತು. ಅದು ವರ್ಷಗಟ್ಟಲೆ ನಡೆದಿತ್ತು. ಚಾನೆಲ್ ಫೈವ್‌ನ ಒಂದು ಕ್ವಿಜ್‌ನಲ್ಲಿ ಗೆದ್ದವರ ಹೆಸರನ್ನೇ ಹುಟ್ಟುಹಾಕಿದ್ದರು. ಐಟಿವಿಯ ಶನಿವಾರದ ದೊಡ್ಡ ಶೋನಲ್ಲಿ ಲಾಟರಿ ಎತ್ತುವ ಬದಲು ಟಿ.ವಿ.ಯಲ್ಲಿ ಚೆನ್ನಾಗಿ ಮಾತಾಡುವವರನ್ನು, ಶೂಟಿಂಗ್‌ಗೆ ಹತ್ತಿರ ಇರುವವರನ್ನು ಹುಡುಕಿ ಆರಿಸಿದ್ದರು. ದೂರದ ಊರಿನ ಸಾದಾ ಮಾತಿನ ಮನುಷ್ಯ ಎಷ್ಟು ಫೋನ್ ಮಾಡಿದರೂ ಅವನ ಹೆಸರು ಬರುವ ಹಾಗೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು 'ಬ್ಲೂ ಪೀಟರ್'. ಅದು ಬಿಬಿಸಿಯ ಮಕ್ಕಳ ಕಾರ್ಯಕ್ರಮ, ಇಲ್ಲಿ ತಲೆಮಾರುಗಳು ನೋಡಿ ಬೆಳೆದದ್ದು. ನವೆಂಬರ್ 2006ರಲ್ಲಿ ಒಂದು ಸ್ಪರ್ಧೆಯ ಹೊತ್ತಿಗೆ ಫೋನ್ ವ್ಯವಸ್ಥೆ ಕೆಟ್ಟಿತು. ಸ್ಟುಡಿಯೋ ನೋಡಲು ಬಂದಿದ್ದ ಒಂದು ಮಗುವನ್ನು ಪಕ್ಕಕ್ಕೆ ಕರೆದು, ಹೊರಗಿನಿಂದ ಫೋನ್ ಮಾಡಿದ ಹಾಗೆ ಮಾತಾಡಿಸಿದರು. ಆ ಮಗುವೇ ಗೆದ್ದಿತು. ಮನೆಯಲ್ಲಿ ಫೋನ್ ಹಿಡಿದು ಕೂತಿದ್ದ ಮಕ್ಕಳಿಗೆ ಇದೇನೂ ಗೊತ್ತಿಲ್ಲ. ಬಿಬಿಸಿಗೆ 50,000 ಪೌಂಡ್ ದಂಡ ಬಿತ್ತು.

ದಂಡದ ಲೆಕ್ಕ ಕೇಳಿ. ಜಿಎಂಟಿವಿಗೆ 20 ಲಕ್ಷ ಪೌಂಡ್. ಚಾನೆಲ್ 4ಕ್ಕೆ 15 ಲಕ್ಷ. ಐಟಿವಿಗೆ ಮೇ 2008ರಲ್ಲಿ 56 ಲಕ್ಷ 75 ಸಾವಿರ ಪೌಂಡ್. ಇವೆಲ್ಲ ಆಫ್‌ಕಾಮ್ ಹಾಕಿದ್ದು, ಅಂದರೆ ಇಲ್ಲಿಯ ಪ್ರಸಾರ ಮತ್ತು ಟೆಲಿಕಾಂ ಎರಡನ್ನೂ ನೋಡುವ ನಿಯಂತ್ರಕ.

ಮಂಡ್ಯದವನು

ಸರಿ ಅಣ್ಣ, ಇದು ಮೋಸವೇ. ನಾನು ಸುಮ್ನೆ ಸಣ್ಣ ವಿಷಯ ಅಂದುಕೊಂಡಿದ್ದೆ. ಆದರೆ ಮೋಸಕ್ಕೆ ಮೊದಲೇ ಕಾನೂನು ಇರುತ್ತದಲ್ಲ. ಟಿ.ವಿ. ಫೋನಿಗೆ ಅಂತಲೇ ಬೇರೆ ನಿಯಮ ಯಾಕೆ ಬೇಕಾಯಿತು?

ರೆಡಿಂಗ್ ಕನ್ನಡಿಗ

ಇದೇ ಸರಿಯಾದ ಪ್ರಶ್ನೆ. ಯಾಕೆಂದರೆ ಪ್ರತಿಯೊಬ್ಬರೂ ಪಕ್ಕದವರ ಕಡೆ ಕೈ ತೋರಿಸಿದರು.

'ರಿಚರ್ಡ್ ಅಂಡ್ ಜೂಡಿ' ಪ್ರಸಾರ ಮಾಡಿದ್ದು ಚಾನೆಲ್ 4. ಕಾರ್ಯಕ್ರಮ ಮಾಡಿದ್ದು ಬೇರೆ ಒಂದು ನಿರ್ಮಾಣ ಸಂಸ್ಥೆ. ಫೋನ್ ಸೇವೆ ನಡೆಸಿದ್ದು ಎಕೋ ಅನ್ನುವ ಕಂಪನಿ. ಪ್ರೀಮಿಯಂ ದರದ ಫೋನ್ ಸೇವೆಗಳನ್ನು ನೋಡಿಕೊಳ್ಳಲು ಆಗ ಇಕ್‌ಸ್ಟಿಸ್ ಅಂತ ಒಂದು ಸಂಸ್ಥೆ ಇತ್ತು. ಅದರ ಕೈ ಮುಟ್ಟುತ್ತಿದ್ದದ್ದು ಫೋನ್ ಸೇವೆಯವರಿಗೆ ಮಾತ್ರ. ಅದು ಎಕೋಗೆ ಒಂದೂವರೆ ಲಕ್ಷ ಪೌಂಡ್ ದಂಡ ಹಾಕಿತು. ಸರಿ. ಆದರೆ ಪರದೆ ಮೇಲೆ ಫೋನ್ ಮಾಡಿ ಅಂತ ಕರೆದವರು? ನೋಡುಗ ನಂಬಿದ್ದು ಎಕೋವನ್ನಲ್ಲ. ಆ ಹೆಸರನ್ನೇ ಅವನು ಕೇಳಿರಲಿಲ್ಲ. ಅವನು ನಂಬಿದ್ದು ಚಾನೆಲ್ಲನ್ನು, ದಿನಾ ಸಂಜೆ ಮನೆಗೆ ಬರುವ ರಿಚರ್ಡ್, ಜೂಡಿ ಅನ್ನುವ ಆ ಇಬ್ಬರು ನಿರೂಪಕರನ್ನು.

ಆಫ್‌ಕಾಮ್ ಇದನ್ನು ವಿಚಾರಿಸಲು ಬಿಬಿಸಿಯಲ್ಲಿ ಹಿಂದೆ ಅಧಿಕಾರಿಯಾಗಿದ್ದ ರಿಚರ್ಡ್ ಏರ್ ಅವರನ್ನು ಹಾಕಿತು. ಜುಲೈ 2007ರಲ್ಲಿ ಅವರ ವರದಿ ಬಂತು. ತಪ್ಪು ಒಂದೆರಡು ಕಾರ್ಯಕ್ರಮದ್ದಲ್ಲ, ಇಡೀ ವ್ಯವಸ್ಥೆಯದ್ದೇ ಅಂತ ಅದರ ಸಾರ. ನಾವು ಬರೀ ಕಾರ್ಯಕ್ರಮ ಮಾಡುವವರು, ಫೋನ್ ವ್ಯವಹಾರ ಗುತ್ತಿಗೆದಾರರದ್ದು ಅನ್ನುವ ಮನಸ್ಸು ಚಾನೆಲ್‌ಗಳಲ್ಲಿ ಬೇರೂರಿತ್ತು. ಅದಕ್ಕೆ ಮುಂದಿನ ವರ್ಷ ಚಾನೆಲ್‌ಗಳ ಲೈಸೆನ್ಸ್‌ನಲ್ಲೇ ಷರತ್ತು ಬಂತು. ನಿನ್ನ ಪರದೆ ಮೇಲೆ ನಂಬರ್ ಹಾಕಿದೆಯಾ? ಆ ಫೋನಿನ ಕೊನೆಯ ಎಣಿಕೆವರೆಗೆ ಜವಾಬ್ದಾರಿ ನಿನ್ನದೇ. ಗುತ್ತಿಗೆ ಯಾರಿಗೆ ಕೊಟ್ಟಿದ್ದರೂ ಸರಿ. ಓಟು, ಸ್ಪರ್ಧೆ ಇದ್ದರೆ ಹೊರಗಿನ ಸ್ವತಂತ್ರ ಪರಿಶೀಲಕರಿಂದ ತಪಾಸಣೆ ಮಾಡಿಸಬೇಕು.

ಇಕ್‌ಸ್ಟಿಸ್ ಹೆಸರು ಆಮೇಲೆ ಎರಡು ಸಲ ಬದಲಾಯಿತು. 2025ರ ಫೆಬ್ರವರಿ 1ರಿಂದ ಆ ಕೆಲಸವನ್ನೂ ಆಫ್‌ಕಾಮ್‌ಗೇ ಸೇರಿಸಿದ್ದಾರೆ. ಫೋನೂ ಪ್ರಸಾರವೂ ಈಗ ಒಂದೇ ಸೂರಿನಡಿ.

ಕುಂದಾಪುರ ಟೀಚರ್

ಓದುತ್ತಾ ಹೊಟ್ಟೆ ಉರಿಯಿತು, ಅದರಲ್ಲೂ ಮಕ್ಕಳ ವಿಷಯ. ನಮ್ಮಲ್ಲೂ ಒಂದು ಕೇಸಾಗಿತ್ತಲ್ಲ? 'ಕೌನ್ ಬನೇಗಾ ಕರೋಡ್‌ಪತಿ'ಗೆ ಗ್ರಾಹಕರ ಕೋರ್ಟ್ ಒಂದು ಕೋಟಿ ದಂಡ ಹಾಕಿತ್ತು ಅಂತ ಪೇಪರಲ್ಲಿ ಓದಿದ ನೆನಪು. ಹಾಗಾದರೆ ನಮ್ಮ ಕಾನೂನೂ ಗಟ್ಟಿ ಇದೆ ಅಂತಾಯಿತು ಅಲ್ವಾ?

ಧಾರವಾಡದ ವಕೀಲ

ಟೀಚರ್, ನಿಮ್ಮ ನೆನಪು ಅರ್ಧ ಸರಿ. ಉಳಿದರ್ಧ ಹೇಳಿಬಿಡುತ್ತೇನೆ, ಯಾಕೆಂದರೆ ಪಾಠ ಇರುವುದೇ ಅದರಲ್ಲಿ.

2007ರ ಸೀಸನ್. ಶಾರುಖ್ ಖಾನ್ ನಡೆಸಿಕೊಟ್ಟದ್ದು. ಅದರ ಜೊತೆ 'ಹರ್ ಸೀಟ್ ಹಾಟ್ ಸೀಟ್' ಅಂತ ನೋಡುಗರಿಗೆ ಒಂದು ಸ್ಪರ್ಧೆ ಇತ್ತು. ಪರದೆ ಮೇಲೆ ಒಂದು ಪ್ರಶ್ನೆ, ನಾಲ್ಕು ಉತ್ತರ. ಸರಿ ಉತ್ತರ ಎಸ್‌ಎಂಎಸ್ ಮಾಡಿದವರಲ್ಲಿ ಒಬ್ಬರಿಗೆ ಕಂತಿಗೆ 2 ಲಕ್ಷ ರೂಪಾಯಿ. ಪ್ರವೇಶ ಶುಲ್ಕ ಇಲ್ಲ ಅನ್ನುವ ಭಾವನೆ ಬರುವ ಹಾಗೆ ಪ್ರಚಾರ. ಆದರೆ ಒಂದು ಎಸ್‌ಎಂಎಸ್‌ಗೆ 2 ರೂಪಾಯಿ 40 ಪೈಸೆ. ಸೊಸೈಟಿ ಆಫ್ ಕ್ಯಾಟಲಿಸ್ಟ್ಸ್ ಅನ್ನುವ ಗ್ರಾಹಕರ ಸಂಘಟನೆ ಸ್ಟಾರ್ ಇಂಡಿಯಾ ಮತ್ತು ಏರ್‌ಟೆಲ್ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು.

ಆಯೋಗದ ಮುಂದೆ ಬಂದ ಲೆಕ್ಕ ಇದು. ಬಂದ ಎಸ್‌ಎಂಎಸ್ ಸುಮಾರು 5.8 ಕೋಟಿ. ಅದರಿಂದ 13.92 ಕೋಟಿ ರೂಪಾಯಿ. 52 ಕಂತಿಗೆ ಕೊಟ್ಟ ಬಹುಮಾನ 1.04 ಕೋಟಿ. ಬಹುಮಾನ ಪುಕ್ಕಟೆ ಅಂತ ತೋರಿಸಿ, ಜನರ ದುಡ್ಡಲ್ಲೇ ಕೊಟ್ಟಿದ್ದಾರೆ, ಇದು ಅನುಚಿತ ವ್ಯಾಪಾರ ಪದ್ಧತಿ ಅಂತ 2008ರ ಸೆಪ್ಟೆಂಬರ್‌ನಲ್ಲಿ ಆಯೋಗ ಹೇಳಿತು. ದಂಡದ ರೂಪದ ಪರಿಹಾರ ಒಂದು ಕೋಟಿ. ನೀವು ಪೇಪರಲ್ಲಿ ಓದಿದ್ದು ಇದನ್ನೇ.

ಮುಂದೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. 2019ರ ಅಕ್ಟೋಬರ್‌ನಲ್ಲಿ ಆಯೋಗದ ಆದೇಶ ರದ್ದಾಯಿತು. ಪೀಠದಲ್ಲಿ ನಮ್ಮ ಹಾವೇರಿ ಜಿಲ್ಲೆಯಿಂದ ಹೋದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಇದ್ದರು. ಬಹುಮಾನದ ದುಡ್ಡು ನೇರವಾಗಿ ಎಸ್‌ಎಂಎಸ್ ಆದಾಯದಿಂದಲೇ ಹೋಯಿತು ಅನ್ನುವುದನ್ನು ದೂರುದಾರರು ಸಾಬೀತು ಮಾಡಿಲ್ಲ, ಹಾಗೆ ತೀರ್ಮಾನಿಸಲು ಆಧಾರ ಇಲ್ಲ ಅಂತ ಕಾರಣ.

ಕಾನೂನಿನ ದೃಷ್ಟಿಯಲ್ಲಿ ನಾನು ಆ ತೀರ್ಪನ್ನು ದೂರುವುದಿಲ್ಲ. ಸಾಕ್ಷಿ ಇಲ್ಲದೆ ಕೋರ್ಟ್ ಏನು ಮಾಡಬೇಕು? ಆದರೆ ಯೋಚನೆ ಮಾಡಿ. ಸಾಕ್ಷಿ ಎಲ್ಲಿತ್ತು? ಮೇಲೆ ಬಿಲ್ಲಿಂಗ್‌ನವರು ಹೇಳಿದರಲ್ಲ, ಸೆಕೆಂಡು ಸೆಕೆಂಡಿನ ಲೆಕ್ಕ ಇತ್ತು ಅಂತ. ಅಂಥ ಲೆಕ್ಕ ಇರುವುದು ಕಂಪನಿಗಳ ಹತ್ತಿರ. ಹೊರಗಿನ ಒಂದು ಸಂಘಟನೆ ಅದನ್ನು ಎಲ್ಲಿಂದ ತರಬೇಕು? ಲೆಕ್ಕ ಬಚ್ಚಿಡಲು ಅವಕಾಶ ಇರುವವರೆಗೆ ಗ್ರಾಹಕ ಎಷ್ಟು ಕೋರ್ಟ್ ಹತ್ತಿದರೂ ಇದೇ ಕಥೆ.

ಸಾಗರದವಳು

ವಕೀಲರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೇಸು ಬಿದ್ದದ್ದು ತಪ್ಪು ನಡೆದಿಲ್ಲ ಅಂತ ಅಲ್ಲ, ಲೆಕ್ಕ ಕೈಗೆ ಸಿಗಲಿಲ್ಲ ಅಂತ. ನಾನು ಅರ್ಥ ಮಾಡಿಕೊಂಡದ್ದು ಸರಿಯಾ?

ಧಾರವಾಡದ ವಕೀಲ

ತಂಗಿ, ಸ್ವಲ್ಪ ತಿದ್ದುತ್ತೇನೆ. ಸಾಬೀತಾಗದಿದ್ದರೆ ಕಾನೂನಿನ ಕಣ್ಣಿಗೆ ತಪ್ಪು ನಡೆದಿಲ್ಲ ಅಂತಲೇ ಅರ್ಥ. ಆ ಕಂಪನಿಗಳನ್ನು ತಪ್ಪಿತಸ್ಥರು ಅಂತ ಈಗ ಕರೆಯುವ ಹಾಗಿಲ್ಲ. ಲೆಕ್ಕ ಕೈಗೆ ಸಿಗಲಿಲ್ಲ ಅನ್ನುವ ಮಾತು ಸರಿ. ಅದಕ್ಕೇ ನಾನು ಹೇಳುವುದು, ಬೇಕಾದ್ದು ದಂಡದ ಕಾನೂನಿಗಿಂತ ಮೊದಲು ಲೆಕ್ಕದ ನಿಯಮ.

ನಿವೃತ್ತ ಸುಬೇದಾರ್

ನಾನು ಇಂಥ ಚರ್ಚೆಗೆಲ್ಲ ಬರೆಯುವುದು ಕಡಿಮೆ. ಆದರೆ 2007ರಲ್ಲಿ ನನ್ನ ಪೋಸ್ಟಿಂಗ್ ಉತ್ತರ ಬಂಗಾಳದ ಕಡೆ ಇತ್ತು. ಕಣ್ಣಾರೆ ಕಂಡದ್ದನ್ನು ಹೇಳಬೇಕು ಅನ್ನಿಸಿತು.

ಆ ವರ್ಷ 'ಇಂಡಿಯನ್ ಐಡಲ್'ನಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್ ಇದ್ದರು. ಕೋಲ್ಕತ್ತ ಪೊಲೀಸ್‌ನಲ್ಲಿ ಕಾನ್‌ಸ್ಟೆಬಲ್. ಬೆಟ್ಟದ ಜನ ಹುಚ್ಚಾಗಿ ಓಟು ಹಾಕಿದರು. ಅಂಗಡಿ ಅಂಗಡಿಯಲ್ಲಿ ಡಬ್ಬಿ ಇಟ್ಟು ಚಂದಾ ಎತ್ತುತ್ತಿದ್ದರು. ಫೋನ್ ಬೂತಿನ ಮುಂದೆ ಸಾಲು. ಒಂದು ಸಂಜೆ ನಾನು ಊರಿಗೆ ಫೋನ್ ಮಾಡಲು ಹೋಗಿ ಮುಕ್ಕಾಲು ಗಂಟೆ ನಿಂತಿದ್ದೆ. ನನ್ನ ಮುಂದೆ ಚಹಾ ತೋಟದ ಕೆಲಸದ ಒಬ್ಬ ಹೆಂಗಸು. ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ಕೈಯಲ್ಲಿ ಮಡಿಚಿದ ಹತ್ತರ ನೋಟು. ಬೂತಿನವನು ನಂಬರ್ ಒತ್ತಿ ರಿಸೀವರ್ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು. ಓಟು ಬಿತ್ತು ಅಂತ ದನಿ ಬಂದಾಗ ಅವಳ ಮುಖ ಬೆಳಗಿತು.

ಪ್ರಶಾಂತ್ ಗೆದ್ದರು. ಇಡೀ ಬೆಟ್ಟ ಕುಣಿಯಿತು. ಆ ಸಂತೋಷ ಸುಳ್ಳಲ್ಲ. ಹಾಗಾಗಿ ಮಂಡ್ಯದವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಜನ ತಮ್ಮವನಿಗೆ ಅಂತ ಖರ್ಚು ಮಾಡುವುದು ತಪ್ಪಲ್ಲ. ಆದರೆ ಆ ಹೆಂಗಸಿನ ಹತ್ತು ರೂಪಾಯಿ ಓಟಾಗಿ ಎಣಿಕೆಗೆ ಸೇರಿತು ಅಂತ ಯಾರಾದರೂ ಬರೆದುಕೊಡಬೇಕು. ಅಷ್ಟು ಅವಳಿಗೆ ಸಲ್ಲಬೇಕು.

ಮಂಡ್ಯದವನು

ಸುಬೇದಾರ್ ಸಾಹೇಬರೇ, ಇದನ್ನು ಒಪ್ಪುತ್ತೇನೆ. ಎಣಿಕೆ ಬಗ್ಗೆ ನನಗೂ ಅನುಮಾನ ಬಂದದ್ದುಂಟು. ನಮ್ಮ ಹುಡುಗಿ ಸೋತಾಗ ಎಷ್ಟು ಓಟು ಬಿತ್ತು ಅಂತ ಪರದೆ ಮೇಲೆ ಹೇಳಲೇ ಇಲ್ಲ.

ಬಿಲ್ಲಿಂಗ್‌ನಲ್ಲಿದ್ದೆ

ನಿಯಮ ಏನೂ ಇರಲಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಇತ್ತು, ಆದರೆ ಎಲ್ಲ ಫೋನ್ ಕಡೆಯದು. ಪ್ರೀಮಿಯಂ ದರದ ಸೇವೆಗೆ ಜಾಹೀರಾತು ಕೊಡುವಾಗ ದರ ಹೇಳಲೇಬೇಕು ಅಂತ ನಮ್ಮ ಟೆಲಿಕಾಂ ನಿಯಂತ್ರಕ ಟ್ರಾಯ್ 2005ರಲ್ಲೇ ಸೂಚನೆ ಕೊಟ್ಟಿತ್ತು. ಅಪ್ಪಯ್ಯನವರಿಗೆ ಕಾಣದ ಆ ಇರುವೆ ಸಾಲು ಇದೆಯಲ್ಲ, ಅದು ಇಂಥ ನಿಯಮ ಪಾಲಿಸಿದ್ದರ ಗುರುತು. ಅಕ್ಷರ ಎಷ್ಟು ದೊಡ್ಡದಿರಬೇಕು, ನಿರೂಪಕಿ ಬಾಯಲ್ಲಿ ಹೇಳಬೇಕಾ ಅನ್ನುವುದು ನಮ್ಮ ಕಡೆ ಯಾರ ತಲೆಯಲ್ಲೂ ಇರಲಿಲ್ಲ.

ಆಮೇಲೆ ಕಾಲರ್ ಟ್ಯೂನ್, ಜೋಕು, ಜ್ಯೋತಿಷ್ಯ ಅಂತ ಕೇಳದೇ ಶುರುವಾಗುತ್ತಿದ್ದ ಕಾಟ ನೆನಪಿದೆಯಾ? ಅದಕ್ಕೆ ಟ್ರಾಯ್ 2011ರಲ್ಲಿ, ಮತ್ತೆ 2013ರಲ್ಲಿ ಬಿಗಿ ಮಾಡಿತು. ಗ್ರಾಹಕ ಒಂದು ಸಲ ಹೂಂ ಅಂದರೆ ಸಾಲದು, ಎರಡನೇ ಸಲವೂ ಒಪ್ಪಬೇಕು. ಬೇಡವಾದರೆ ನಿಲ್ಲಿಸಲು 155223 ಅನ್ನುವ ಉಚಿತ ಸಂಖ್ಯೆ ಬಂತು. ಆ ನಿಯಮ ಬಂದ ತಿಂಗಳು ನಮ್ಮ ಆಫೀಸಿನಲ್ಲಿ ಗ್ರಾಫ್ ಧಡಕ್ಕನೆ ಇಳಿದದ್ದು ನಾನು ನೋಡಿದ್ದೇನೆ. ಎರಡನೇ ಸಲ ಕೇಳಿದಾಗ ಜನ ಬೇಡ ಅಂದರು. ಒಂದು ಸಣ್ಣ ನಿಯಮ ಅಷ್ಟು ಕೆಲಸ ಮಾಡಿತು.

ಅದು ಮುಖ್ಯವಾಗಿ ದಿನಾ, ವಾರಕ್ಕೆ ಅಂತ ದುಡ್ಡು ಕಟ್ ಆಗುವ ಸೇವೆಗಳಿಗೆ. ಟಿ.ವಿ. ಮುಂದೆ ಕೂತು ಲೈನ್‌ನಲ್ಲಿ ಕಾಯುವವನ ಕಷ್ಟಕ್ಕೆ ಅದು ಮದ್ದಲ್ಲ. ಟ್ರಾಯ್ ನೋಡುವುದು ಬಿಲ್ಲನ್ನು. ಪರದೆ ಮೇಲೆ ಏನು ತೋರಿಸಿದರು ಅನ್ನುವುದು ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಪಾಲು. ನಿರೂಪಕಿಯ ಕೂಗು ಒಂದು ಇಲಾಖೆಗೆ, ಆ ಕೂಗು ಕೇಳಿ ಹೋದ ಹತ್ತು ರೂಪಾಯಿ ಇನ್ನೊಂದು ಇಲಾಖೆಗೆ.

ಕುಂದಾಪುರ ಟೀಚರ್

ಈಗ ಓಟೆಲ್ಲ ಆ್ಯಪ್‌ನಲ್ಲಿ ಬಂದುಬಿಟ್ಟಿದೆ. ನಮ್ಮ ಮನೆಯಲ್ಲಿ ಮಕ್ಕಳು 'ಬಿಗ್ ಬಾಸ್'ಗೆ ಮೊಬೈಲಲ್ಲಿ ಒತ್ತುತ್ತಾರೆ, ಕರೆನ್ಸಿ ಹೋಗುವುದಿಲ್ಲ. ಹಾಗಿರುವಾಗ ಈ ಹಳೇ ವಿಷಯಕ್ಕೆ ಈಗ ಹೋರಾಡಿ ಪ್ರಯೋಜನ ಇದೆಯಾ ಅಂತ ನನ್ನ ಗಂಡ ಕೇಳುತ್ತಿದ್ದಾರೆ. ನನಗೆ ಇದೆ ಅನ್ನಿಸುತ್ತದೆ, ಆದರೆ ಅವರಿಗೆ ಹೇಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ.

ರೆಡಿಂಗ್ ಕನ್ನಡಿಗ

ನಿಮ್ಮ ಯಜಮಾನರಿಗೆ ಹೀಗೆ ಹೇಳಿ. ದುಡ್ಡು ಹೋಗದಿದ್ದರೂ ಎಣಿಕೆ ಇದ್ದೇ ಇದೆ. ಐಟಿವಿಯ ಒಂದು ಹಾಡಿನ ಶೋನಲ್ಲಿ ಸ್ಪರ್ಧಿ ಯಾವ ಹಾಡು ಹಾಡಬೇಕು ಅಂತ ಜನ ಓಟು ಹಾಕಿದ್ದರು. ಕಾರ್ಯಕ್ರಮದವರು ಆ ಓಟನ್ನು ಬದಿಗಿಟ್ಟು ತಮಗೆ ಬೇಕಾದ್ದನ್ನು ಹಾಡಿಸಿದರು. ಓಟು ಪುಕ್ಕಟೆ ಆಗಿದ್ದರೂ ಅದು ತಪ್ಪೇ ಆಗುತ್ತಿತ್ತು. ಕೇಳಿದ ಮೇಲೆ ಕೇಳಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಇಲ್ಲಿ ರಾತ್ರಿಯಿಡೀ ಬರೀ ಫೋನ್ ಕ್ವಿಜ್ ಹಾಕುವ 'ಐಟಿವಿ ಪ್ಲೇ' ಅನ್ನುವ ಚಾನೆಲ್ಲೇ ಇತ್ತು. ಸಾಗರದವರ ಅರ್ಧರ್ಧ ಮುಖದ ಕಾರ್ಯಕ್ರಮದ ಅಣ್ಣ ಅನ್ನಿ. ಹೆಂಗಸರ ಕೈಚೀಲದಲ್ಲಿ ಏನೇನು ಇರುತ್ತದೆ ಅಂತ ಒಂದು ಪ್ರಶ್ನೆ ಕೇಳಿದ್ದರು. ಜನ ಬಾಚಣಿಗೆ, ಬೀಗದ ಕೈ, ಕರ್ಚೀಫು ಅಂತ ಯೋಚಿಸುತ್ತಾರೆ. ಅವರ ಪಟ್ಟಿಯಲ್ಲಿದ್ದ ಉತ್ತರಗಳಲ್ಲಿ ಒಂದು ಮಂಕಿ ಕ್ಯಾಪ್‌ನಂಥ ಟೋಪಿ, ಇನ್ನೊಂದು ಗೋಡೆಗೆ ಸ್ಕ್ರೂ ಹಾಕುವಾಗ ತೂರಿಸುವ ಪ್ಲಾಸ್ಟಿಕ್ ಪ್ಲಗ್! ಯಾರು ಊಹಿಸಬೇಕು ಅದನ್ನು? ಸಂಸತ್ತಿನ ಸಮಿತಿ ಇಂಥ ಕ್ವಿಜ್‌ಗಳ ಮೇಲೆ ವಿಚಾರಣೆ ಮಾಡಿ 2007ರ ಜನವರಿಯಲ್ಲಿ ವರದಿ ಕೊಟ್ಟಿತು. ಮಾರ್ಚ್‌ನಲ್ಲಿ ಆ ಚಾನೆಲ್ ಮುಚ್ಚಿತು.

ಆಮೇಲೆ ಒಂದು ಮೂಲ ಪ್ರಶ್ನೆ ಎದ್ದಿತು. ಒಂದು ಗಂಟೆ ಪೂರ್ತಿ ಫೋನ್ ಮಾಡಿ, ಫೋನ್ ಮಾಡಿ ಅಂತ ಕರೆಯುವುದು ಕಾರ್ಯಕ್ರಮವೋ ಜಾಹೀರಾತೋ? ಆಸ್ಟ್ರಿಯಾದ ಒಂದು ಟಿ.ವಿ. ಕ್ವಿಜ್ ಬಗ್ಗೆ ಯುರೋಪಿನ ನ್ಯಾಯಾಲಯ 2007ರ ಅಕ್ಟೋಬರ್‌ನಲ್ಲಿ, ಇಂಥದ್ದು ಜಾಹೀರಾತು ಅಥವಾ ಟೆಲಿಶಾಪಿಂಗ್ ಆಗಬಹುದು ಅಂತ ಹೇಳಿತು. 2010ರಲ್ಲಿ ಆಫ್‌ಕಾಮ್ ಇಂಥ ಕಾರ್ಯಕ್ರಮಗಳನ್ನು ಜಾಹೀರಾತಿನ ನಿಯಮದ ಕೆಳಗೆ ತಂದಿತು. ಜರ್ಮನಿಯಲ್ಲಿ ಒಂದು ಕರೆಗೆ 50 ಸೆಂಟ್‌ಗಿಂತ ಜಾಸ್ತಿ ಹಿಡಿಯುವ ಹಾಗಿಲ್ಲ ಅಂತ ಮಿತಿ ಇಟ್ಟರು.

ಧಾರವಾಡದ ವಕೀಲ

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಇದರಿಂದ ನಮಗೆ ಒಂದು ದಾರಿ ಸಿಗುತ್ತದೆ.

ನಮ್ಮ ಕೇಬಲ್ ಟೆಲಿವಿಷನ್ ನಿಯಮ 1994ರ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವ ಹಾಗಿಲ್ಲ. ಅದರಲ್ಲಿ 10 ನಿಮಿಷ ವಾಣಿಜ್ಯ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ದುಬಾರಿ ನಂಬರ್‌ಗೆ ಫೋನ್ ಮಾಡಿಸುವುದೇ ಕಸುಬಾದ ಕಾರ್ಯಕ್ರಮವನ್ನು ಜಾಹೀರಾತು ಅಂತ ಪರಿಗಣಿಸಿದರೆ, ಅಪ್ಪಯ್ಯನವರು ನೋಡಿದಂಥ ಒಂದು ಗಂಟೆಯ ಆಟ ಆ ಮಿತಿಯೊಳಗೆ ನಿಲ್ಲುವುದೇ ಇಲ್ಲ. ಹೊಸ ಕಾಯ್ದೆಯೇ ಬೇಡ. ಒಂದು ಸ್ಪಷ್ಟೀಕರಣ ಸಾಕು. ಇದು ನನ್ನ ವಾದ ಅಷ್ಟೇ, ಯಾವ ಕೋರ್ಟೂ ಇನ್ನೂ ಒಪ್ಪಿದ ಮಾತಲ್ಲ. ಆದರೆ ಸಚಿವಾಲಯಕ್ಕೆ ಬರೆಯಬಹುದು.

ಇನ್ನು ದೂರಿನ ದಾರಿ. ಸಾಗರದವರ 2010ರ ವಿಷಯಕ್ಕೆ ಈಗ ಗ್ರಾಹಕ ಆಯೋಗಕ್ಕೆ ಹೋಗಲು ಆಗುವುದಿಲ್ಲ, ಎರಡು ವರ್ಷದ ಮಿತಿ ಇದೆ. ಈಗ ಯಾರ ಮನೆಯಲ್ಲಾದರೂ ಇಂಥದ್ದು ನಡೆದರೆ ಮೊದಲು ಫೋನ್ ಕಂಪನಿಯಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿ 1915. ಟೆಲಿಫೋನ್ ವ್ಯಾಜ್ಯಕ್ಕೆ ಗ್ರಾಹಕ ಕೋರ್ಟಿಗೆ ಬರಬೇಡಿ ಅಂತ ಮುಂಚೆ ಕಂಪನಿಗಳು ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಗೊಂದಲ ಬಿಡಿಸಿತು, ಈಗ ಧಾರಾಳವಾಗಿ ಹೋಗಬಹುದು. ಚಾನೆಲ್ ಪರದೆ ಮೇಲೆ ತೋರಿಸಿದ್ದರ ಬಗ್ಗೆ ಆದರೆ, 2021ರ ತಿದ್ದುಪಡಿಯಂತೆ ಮೊದಲು ಚಾನೆಲ್‌ಗೇ ದೂರು. ಅವರು 15 ದಿನದೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಅವರ ಸ್ವನಿಯಂತ್ರಣ ಸಂಸ್ಥೆ, ಅದರ ಮೇಲೆ ಸರ್ಕಾರ. 2019ರ ಗ್ರಾಹಕ ಕಾಯ್ದೆಯಲ್ಲಿ ಇನ್ನೊಂದು ಅಂಶವೂ ಇದೆ. ಬಹುಮಾನದ ಯೋಜನೆ ಮುಗಿದ ಮೇಲೆ ಭಾಗವಹಿಸಿದವರಿಗೆ ಅಂತಿಮ ಫಲಿತಾಂಶ ಹೇಳದೆ ಇರುವುದೂ ಅನುಚಿತ ವ್ಯಾಪಾರವೇ.

ಪರದೆಯ ಫೋಟೋ ತೆಗೆದಿಡುವುದನ್ನು ಮರೆಯಬೇಡಿ. ದಿನ, ಹೊತ್ತು, ದರ ಕಾಣಬೇಕು.

ಮಂಡ್ಯದವನು

ಅಕ್ಕಾ, ಒಂದು ಕುತೂಹಲ. ಆ ಅರ್ಧರ್ಧ ಮುಖದ ಉತ್ತರ ಏನಿತ್ತು? ಅಪ್ಪಯ್ಯನವರಿಗೆ ಗೊತ್ತಿತ್ತಾ?

ಸಾಗರದವಳು

ಗೊತ್ತಿತ್ತು ಕಣಪ್ಪ. ಅದೇ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾರೆ, "ವಿಷ್ಣು, ಅಂಬರೀಷ್" ಅಂತ. ಲೈನ್ ಸಿಕ್ಕಾಗ ಗಾಬರಿಯಲ್ಲಿ ಮರೆತುಹೋಗಬಾರದು ಅಂತ ಇರಬೇಕು.

ಎಲ್ಲರ ಮಾತು ಕೇಳಿ ಸಚಿವಾಲಯಕ್ಕೆ ಒಂದು ಪತ್ರ ಬರೆಯಲು ಕೂತಿದ್ದೇನೆ. ಟ್ರಾಯ್‌ಗೂ ಒಂದು ಪ್ರತಿ. ಮುಖ್ಯ ಭಾಗ ಇಲ್ಲಿ ಹಾಕುತ್ತೇನೆ, ವಕೀಲರು ತಿದ್ದಿಕೊಡಿ.

"ಪರದೆ ಮೇಲೆ ದುಬಾರಿ ದರದ ಸಂಖ್ಯೆ ತೋರಿಸುವ ಚಾನೆಲ್, ಆ ಸಂಖ್ಯೆಗೆ ಬಂದ ಪ್ರತಿ ಕರೆ ಮತ್ತು ಸಂದೇಶಕ್ಕೆ ತಾನೇ ಹೊಣೆ ಹೊರಬೇಕು. ಗುತ್ತಿಗೆದಾರರ ಹೆಸರು ಹೇಳಿ ಜಾರಿಕೊಳ್ಳಲು ಬಿಡಬಾರದು. ಈ ಷರತ್ತು ಚಾನೆಲ್‌ನ ಅನುಮತಿ ಪತ್ರದಲ್ಲೇ ಇರಬೇಕು. ಕರೆಯ ದರವನ್ನು ಸಂಖ್ಯೆಯಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕು, ನಿರೂಪಕರು ಬಾಯಲ್ಲೂ ಹೇಳಬೇಕು. ಸರದಿಯಲ್ಲಿ ಕಾಯುವ ಹೊತ್ತಿಗೆ ದುಡ್ಡು ಹಿಡಿಯಬಾರದು. ಲೈನ್ ಮುಚ್ಚಿದ ಮೇಲೆ ಬಂದ ಕರೆಯ ಹಣ ತಾನಾಗಿ ವಾಪಸ್ ಹೋಗಬೇಕು. ಒಟ್ಟು ಎಷ್ಟು ಕರೆ ಬಂತು, ಎಷ್ಟು ಹಣ ಬಂತು, ಬಹುಮಾನಕ್ಕೆ ಎಷ್ಟು ಹೋಯಿತು ಅನ್ನುವುದನ್ನು ಹೊರಗಿನ ಲೆಕ್ಕ ಪರಿಶೋಧಕರು ನೋಡಿ ಸಹಿ ಹಾಕಬೇಕು. ಆ ಲೆಕ್ಕ ಯಾರು ಕೇಳಿದರೂ ಸಿಗಬೇಕು."

ಧಾರವಾಡದ ವಕೀಲ

ಚೆನ್ನಾಗಿದೆ. ಎರಡು ಸೇರಿಸಿ. ಫೋನ್ ಎಂದಲ್ಲಿ ಆ್ಯಪ್ ಓಟನ್ನೂ ಬರೆಯಿರಿ, ಇಲ್ಲದಿದ್ದರೆ ಕಾಲ ಮುಗಿದ ವಿಷಯ ಅಂತ ಕಡತ ಮುಚ್ಚುತ್ತಾರೆ. ಲೆಕ್ಕವನ್ನು ಕನಿಷ್ಠ ಮೂರು ವರ್ಷ ಕಾಯ್ದಿಡಬೇಕು ಅಂತಲೂ ಹಾಕಿ. ದೂರಿಗೆ ಎರಡು ವರ್ಷ ಸಮಯ ಇರುವಾಗ ಲೆಕ್ಕ ಅದಕ್ಕಿಂತ ಮೊದಲೇ ಅಳಿಸಿಹೋಗಬಾರದು.

ಬಿಲ್ಲಿಂಗ್‌ನಲ್ಲಿದ್ದೆ

ಸರದಿಯಲ್ಲಿ ಕಾಯುವ ಹೊತ್ತನ್ನು ಬೇರೆಯಾಗಿ ಗುರುತಿಸಲು ತಾಂತ್ರಿಕವಾಗಿ ಏನೂ ಕಷ್ಟ ಇಲ್ಲ. ನಮ್ಮ ಫೈಲಿನಲ್ಲೇ ಅದಕ್ಕೆ ಪ್ರತ್ಯೇಕ ಕಾಲಂ ಇತ್ತು. ಆಗುವುದಿಲ್ಲ ಅಂತ ಯಾರಾದರೂ ಉತ್ತರ ಬರೆದರೆ ನನಗೆ ತಿಳಿಸಿ, ಹೇಗೆ ಆಗುತ್ತದೆ ಅಂತ ಒಂದು ಪುಟ ನಾನು ಬರೆದುಕೊಡುತ್ತೇನೆ.

ನಿವೃತ್ತ ಸುಬೇದಾರ್

ಪತ್ರಕ್ಕೆ ನನ್ನ ಸಹಿಯೂ ಇರಲಿ. ಸೋಮವಾರ ಅಂಚೆಗೆ ಹಾಕುವುದಾದರೆ ಸ್ಪೀಡ್ ಪೋಸ್ಟ್ ಮಾಡಿಸಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ.